ನೋಡೋಕೆ ಚೆನ್ನಾಗೇ ಇದ್ದಾರಲ್ಲ: ಕಣ್ಣಿಗೆ ಕಾಣದ ಕಾಯಿಲೆಯೂ ಶೇ 40ರ ಗೆರೆಯೂ

2024ರ ಜುಲೈನಲ್ಲಿ ಮಹಾರಾಷ್ಟ್ರ ಕೇಡರ್‌ನ ಐಎಎಸ್ ಪ್ರೊಬೇಷನರ್ ಒಬ್ಬರ ಸುದ್ದಿ ದೇಶವಿಡೀ ಓಡಾಡಿತು. ದೃಷ್ಟಿದೋಷ ಮತ್ತು ಮಾನಸಿಕ ಕಾಯಿಲೆ ಇದೆ ಎಂದು ಹೇಳಿಕೊಂಡು ಅವರು ಅಂಗವಿಕಲರ ಕೋಟಾ ಪಡೆದಿದ್ದರು. ತಿಂಗಳ ಕೊನೆಯ ದಿನ ಯುಪಿಎಸ್‌ಸಿ ಅವರ ಆಯ್ಕೆಯನ್ನೇ ರದ್ದು ಮಾಡಿತು. ರದ್ದತಿಗೆ ಯುಪಿಎಸ್‌ಸಿ ಕೊಟ್ಟ ಕಾರಣ ಬೇರೆಯೇ ಇತ್ತು. ಗುರುತು ಮರೆಮಾಚಿ, ನಿಗದಿಗಿಂತ ಹೆಚ್ಚು ಸಲ ಪರೀಕ್ಷೆ ಬರೆದರು ಎಂಬುದು ಆ ಕಾರಣ. ಆದರೆ ಜನರ ಬಾಯಲ್ಲಿ ಉಳಿದದ್ದು ಸರ್ಟಿಫಿಕೇಟಿನ ಮಾತು ಮಾತ್ರ. ‘ನೋಡೋಕೆ ಚೆನ್ನಾಗೇ ಇದ್ದಾರಲ್ಲ, ಇವರೆಂಥ ಅಂಗವಿಕಲರು?’

ಮೂರು ತಿಂಗಳು ಕಳೆಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ಪ್ರಕರಣಗಳಲ್ಲಿ, ಬರೀ ಶೇಕಡಾ ಲೆಕ್ಕ ನೋಡಿ ವಿದ್ಯಾರ್ಥಿಗೆ ವೈದ್ಯಕೀಯ ಸೀಟು ನಿರಾಕರಿಸಬಾರದು ಎಂದಿತು. 2025ರ ಫೆಬ್ರುವರಿಯಲ್ಲಿ ಇನ್ನೊಂದು ತೀರ್ಪು ಬಂತು. ಪರೀಕ್ಷೆ ಬರೆಯಲು ಸಹಾಯ ಪಡೆಯುವುದಕ್ಕೆ ಶೇ 40ರಷ್ಟು ಅಂಗವೈಕಲ್ಯ ಇರಲೇಬೇಕು ಎಂದೇನಿಲ್ಲ ಎಂದಿತು ಆ ತೀರ್ಪು.

ಒಂದು ಕಡೆ ‘ಎಲ್ಲ ನಕಲಿ, ಬಿಗಿ ಮಾಡಿ’ ಎಂಬ ಕೂಗು. ಇನ್ನೊಂದು ಕಡೆ ‘ಗೆರೆ ಸಡಿಲ ಮಾಡಿ’ ಎನ್ನುವ ಕೋರ್ಟು. ಇವೆರಡೂ ಒಂದೇ ಕಾನೂನಿನ ಬಗ್ಗೆ ಬಂದ ಸುದ್ದಿಗಳಾ ಎಂದು ಓದುಗರು ತಲೆ ಕೆರೆದುಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಗೊಂದಲದ ಬೇರು ಇರುವುದು ಒಂದು ಕಡೆ. ಮೀಸಲಾತಿ ಯಾರಿಗೆ ಎಂಬುದು ಒಂದು ಪ್ರಶ್ನೆ. ಬದುಕೋಕೆ ಸ್ವಲ್ಪ ಅನುಕೂಲ ಯಾರಿಗೆ ಎಂಬುದು ಇನ್ನೊಂದು ಪ್ರಶ್ನೆ. ಇವೆರಡನ್ನೂ ನಾವು ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ. ಅದರ ಪೆಟ್ಟು ಬೀಳುತ್ತಿರುವುದು ವರ್ಷಗಟ್ಟಲೆ ಕಾಯಿಲೆಯ ಜೊತೆ ಬದುಕುತ್ತಾ, ಹೊರಗಿನಿಂದ ಮಾತ್ರ ಚೆನ್ನಾಗಿ ಕಾಣುವವರ ಮೇಲೆ.

ಏಳರಿಂದ ಇಪ್ಪತ್ತೊಂದಕ್ಕೆ

1995ರ ಕಾನೂನಿನಲ್ಲಿ ಅಂಗವೈಕಲ್ಯ ಅಂದರೆ ಏಳು ಬಗೆ ಅಷ್ಟೇ. ಕಣ್ಣು, ಕಿವಿ, ಕೈಕಾಲಿನ ತೊಂದರೆಗಳೇ ಅದರಲ್ಲಿ ಮುಖ್ಯ. ಮಾನಸಿಕ ಕಾಯಿಲೆ ಬಿಟ್ಟರೆ ಹೆಚ್ಚೂ ಕಡಿಮೆ ಎಲ್ಲವೂ ಎದುರಿಗೆ ಕೂತವರಿಗೆ ಗೊತ್ತಾಗುವಂಥವು.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ಭಾರತ 2007ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ತಕ್ಕಂತೆ 2016ರಲ್ಲಿ ಹೊಸ ಕಾನೂನು ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಏಳು ಇದ್ದದ್ದು 21 ಆಯಿತು. ಹೊಸದಾಗಿ ಸೇರಿದವುಗಳಲ್ಲಿ ಕೆಲವನ್ನು ಗಮನಿಸಿ: ರಕ್ತದ ಕಾಯಿಲೆಗಳಾದ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್; ನರಮಂಡಲದ ಕಾಯಿಲೆಗಳಾದ ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್ಸನ್ಸ್. ಇವು ಕಾಯಿಲೆಗಳು. ಹೆಚ್ಚಿನವು ಜೀವನಪೂರ್ತಿ ಇರುವ ಕಾಯಿಲೆಗಳು. ಅಂದರೆ ದೀರ್ಘಕಾಲದ ಕಾಯಿಲೆಯೂ ಅಂಗವೈಕಲ್ಯ ಆಗಬಹುದು ಎಂದು ನಮ್ಮ ಕಾನೂನು ಬಾಯಿಬಿಟ್ಟು ಹೇಳಿದ್ದು ಆಗ.

ಕನ್ನಡದಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ‘ಅಂಗವಿಕಲ’ ಎಂಬ ಮಾತಿನಲ್ಲೇ ಅಂಗ ಇದೆ. ಆ ಪದ ಕಿವಿಗೆ ಬಿದ್ದ ತಕ್ಷಣ ನಮ್ಮ ಕಣ್ಣು ಎದುರಿಗಿರುವವರ ಕೈ ನೋಡುತ್ತದೆ, ಕಾಲು ನೋಡುತ್ತದೆ. ಎರಡೂ ಸರಿಯಾಗಿದ್ದರೆ ಮುಖ ನೋಡುತ್ತದೆ, ಅನುಮಾನದಿಂದ. ರಕ್ತದ ಕಾಯಿಲೆಗೆ ಯಾವ ಅಂಗ ತೋರಿಸೋದು?

ಒಂದು ದಿನದ ಅಳತೆ, ಮೂವತ್ತು ದಿನದ ಬದುಕು

ಸೌಲಭ್ಯ ಬೇಕು ಅಂದರೆ ಜಿಲ್ಲಾಸ್ಪತ್ರೆಯಂಥ ಕಡೆ ವೈದ್ಯರು ಪರೀಕ್ಷೆ ಮಾಡಿ ಶೇಕಡಾ ಎಷ್ಟು ಎಂದು ಬರೆಯಬೇಕು. ಅದು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಹೋಗುತ್ತದೆ. ಕಾರ್ಡಿಗೂ ಬಣ್ಣಗಳಿವೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದಕ್ಕೂ ಮೇಲಾದರೆ ನೀಲಿ. ಕೋಟಾ ಸಿಗುವುದು ಶೇ 40ರ ಗೆರೆ ದಾಟಿದವರಿಗೆ.

ಕಾಲು ಒಂದು ಕಡೆ ಎಷ್ಟು ಬಾಗುತ್ತದೆ, ಕಿವಿಗೆ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂದು ಅಳೆಯಬಹುದು. ಸೋಮವಾರ ಅಳೆದರೂ ಗುರುವಾರ ಅಳೆದರೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಆದರೆ ದೀರ್ಘಕಾಲದ ಕಾಯಿಲೆ ಹಾಗಲ್ಲ. ಅದು ಏರುತ್ತದೆ, ಇಳಿಯುತ್ತದೆ.

ಥಲಸ್ಸೀಮಿಯಾ ಇರುವ ಹುಡುಗನನ್ನು ತೆಗೆದುಕೊಳ್ಳಿ. ಕಾಯಿಲೆ ತೀವ್ರವಾಗಿದ್ದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ರಕ್ತ ಹಾಕಿಸಿದ ಮಾರನೇ ದಿನ ನೋಡಿದರೆ ಮುಖದಲ್ಲಿ ಕಳೆ ಇರುತ್ತದೆ, ಆಟಕ್ಕೂ ಓಡುತ್ತಾನೆ. ಮುಂದಿನ ಸರದಿ ಹತ್ತಿರ ಬರುವಾಗ ನೋಡಿ. ಮುಖ ಬಿಳಿಚಿಕೊಂಡಿರುತ್ತದೆ, ಎರಡು ಮೆಟ್ಟಿಲು ಹತ್ತಿ ಕೂತುಬಿಡುತ್ತಾನೆ. ಹುಡುಗ ಒಬ್ಬನೇ, ತಿಂಗಳೂ ಒಂದೇ. ಶಾಲೆಯ ಮೇಷ್ಟ್ರು ಯಾವ ದಿನ ನೋಡಿದರು ಎಂಬುದರ ಮೇಲೆ ಅವನು ಚುರುಕು ಹುಡುಗನೋ ಸೋಮಾರಿಯೋ ಎಂಬುದು ತೀರ್ಮಾನವಾಗುತ್ತದೆ.

ಸಿಕಲ್ ಸೆಲ್ ಇನ್ನೂ ಕಷ್ಟದ ಉದಾಹರಣೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿದಂತೆ ಹಲವು ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಸಾಮಾನ್ಯವಾಗಿ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರುತ್ತದೆ, ಸುಮಾರು 120 ದಿನ ಬದುಕುತ್ತದೆ. ಈ ಕಾಯಿಲೆಯಲ್ಲಿ ಅದು ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ, 10ರಿಂದ 20 ದಿನಕ್ಕೆ ಸಾಯುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಂಡಾಗ ಆ ಜಾಗಕ್ಕೆ ರಕ್ತ ಹೋಗುವುದಿಲ್ಲ. ಆಗ ಶುರುವಾಗುವ ನೋವು ಮೂಳೆಯ ಒಳಗಿನಿಂದ ಬರುತ್ತದೆ. ಬೆನ್ನು, ಎದೆ, ತೊಡೆ, ಎಲ್ಲಿ ಬೇಕಾದರೂ. ನೀರು ಕಡಿಮೆ ಕುಡಿದರೆ ಸಾಕು, ಥಂಡಿ ಹೊಡೆದರೆ ಸಾಕು, ಒಂದು ಜ್ವರ ಬಂದರೆ ಸಾಕು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನೋವು. ಹೊರಗೆ ಗಾಯ ಇಲ್ಲ, ಊತ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಇನ್ನು ನೋವು ಇಳಿದ ಮೇಲೆ? ಮನುಷ್ಯ ಎದ್ದು ನಡೆಯುತ್ತಾನೆ, ಬಸ್ಸು ಹತ್ತುತ್ತಾನೆ, ಮೆಡಿಕಲ್ ಬೋರ್ಡಿನ ಮುಂದೆ ಬಂದು ಕೂರುತ್ತಾನೆ. ಬರುವುದಕ್ಕೆ ಆಗಿದ್ದೇ ಆ ದಿನ ಚೆನ್ನಾಗಿದ್ದಾನೆ ಅನ್ನುವ ಕಾರಣಕ್ಕೆ. ಅತಿ ಕೆಟ್ಟ ದಿನ ಅವನು ಬೋರ್ಡಿನ ಮುಂದೆ ಇರುವುದೇ ಇಲ್ಲ, ಚಾಪೆಯ ಮೇಲೆ ಇರುತ್ತಾನೆ. ಹೀಗಾಗಿ ಅಳತೆಗೆ ಸಿಗುವುದು ಯಾವಾಗಲೂ ಒಳ್ಳೆಯ ದಿನವೇ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಆಸ್ಪತ್ರೆ ಸೇರಿದ, ಎಷ್ಟು ದಿನ ಕೂಲಿ ತಪ್ಪಿತು ಎಂಬ ದಾಖಲೆ ಕೈಯಲ್ಲಿದ್ದವರಿಗೆ ಮಾತ್ರ ಸ್ವಲ್ಪ ನ್ಯಾಯ ಸಿಗಬಹುದು. ಕಾಡಂಚಿನ ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಇರುವವರ ಹತ್ತಿರ ಅಂಥ ಕಾಗದ ಪತ್ರ ಎಲ್ಲಿಂದ ಬರಬೇಕು?

ಸರ್ಕಾರ ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. ಅಂಗವೈಕಲ್ಯ ಅಳೆಯುವ ಮಾರ್ಗಸೂಚಿಯನ್ನು 2018ರಲ್ಲಿ, ಮತ್ತೆ 2024ರ ಮಾರ್ಚ್‌ನಲ್ಲಿ ಹೊಸದಾಗಿ ಹೊರಡಿಸಿದೆ. ಆದರೂ ಏರಿಳಿಯುವ ಕಾಯಿಲೆಗೆ ಒಂದು ನಿಂತ ಸಂಖ್ಯೆ ಕೊಡುವ ತೊಡಕು ಮಾರ್ಗಸೂಚಿಯಿಂದ ಪೂರ್ತಿ ಹೋಗುವಂಥದ್ದಲ್ಲ. ಸ್ಥಿತಿ ಬದಲಾಗಬಹುದು ಎನ್ನಿಸಿದರೆ ವೈದ್ಯರು ತಾತ್ಕಾಲಿಕ ಸರ್ಟಿಫಿಕೇಟ್ ಕೊಡಬಹುದು. ಅದರ ಅವಧಿ ಮುಗಿದಾಗ ಮತ್ತೆ ಹೋಗಬೇಕು, ಮತ್ತೆ ಸಾಬೀತು ಮಾಡಬೇಕು. ಕಾಯಿಲೆ ಕಾಯಂ, ಕಾಗದ ಮಾತ್ರ ತಾತ್ಕಾಲಿಕ.

ಪಟ್ಟಿಯೊಳಗೂ ಎರಡು ಬಾಗಿಲು

21ರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲರಿಗೂ ಒಂದೇ ಸೌಲಭ್ಯ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ.

ಕಾನೂನಿನ 32ನೇ ಕಲಂ ಉನ್ನತ ಶಿಕ್ಷಣದ ಬಗ್ಗೆ ಹೇಳುತ್ತದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5ಕ್ಕಿಂತ ಕಡಿಮೆ ಇಲ್ಲದಷ್ಟು ಸೀಟು, ಶೇ 40ರ ಗೆರೆ ದಾಟಿದ ಎಲ್ಲ ಬಗೆಯವರಿಗೂ. ಥಲಸ್ಸೀಮಿಯಾ ಇರುವ ಹುಡುಗಿಗೂ ಇದು ಸಿಗುತ್ತದೆ.

34ನೇ ಕಲಂ ಸರ್ಕಾರಿ ಕೆಲಸದ ಬಗ್ಗೆ. ಇಲ್ಲಿ ಕನಿಷ್ಠ ಶೇ 4. ಆದರೆ ಅದನ್ನು ಹಂಚಿರುವುದು ದೃಷ್ಟಿ, ಶ್ರವಣ, ಚಲನೆಯ ತೊಂದರೆ ಇರುವವರಿಗೆ, ಆಮೇಲೆ ಆಟಿಸಂ, ಕಲಿಕೆಯ ತೊಡಕು, ಬೌದ್ಧಿಕ ತೊಂದರೆ, ಮಾನಸಿಕ ಕಾಯಿಲೆ ಇರುವವರಿಗೆ. ರಕ್ತದ ಮೂರು ಕಾಯಿಲೆಗಳ ಹೆಸರು ಅಲ್ಲಿಲ್ಲ. ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್ಸನ್ಸ್ ಹೆಸರೂ ಇಲ್ಲ.

ಪರಿಣಾಮ ಏನು? ಅದೇ ಹುಡುಗಿ ಕೋಟಾದಲ್ಲಿ ಡಿಗ್ರಿ ಓದುತ್ತಾಳೆ. ಓದು ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಕಾರ್ಡಿಗೆ ಕೋಟಾ ಇಲ್ಲ. ಕಾಲೇಜಿನ ಬಾಗಿಲಲ್ಲಿ ಅವಳು ಅಂಗವಿಕಲೆ, ಕಚೇರಿಯ ಬಾಗಿಲಲ್ಲಿ ಅಲ್ಲ. ಕಾಯಿಲೆಯಂತೂ ಎರಡೂ ಕಡೆ ಜೊತೆಗೇ ಬರುತ್ತದೆ. ಈ ಕಲಂ ತಿದ್ದಬೇಕು ಎಂಬ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅನಿಸಿಕೆ. ಆದರೆ ಅದಕ್ಕೆ ಎದುರು ವಾದವೂ ಇದೆ, ಅದಕ್ಕೆ ಆಮೇಲೆ ಬರೋಣ.

ಪಟ್ಟಿಯಲ್ಲೇ ಇಲ್ಲದವರು

ಟೈಪ್ 1 ಡಯಾಬಿಟಿಸ್ 21ರಲ್ಲಿ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ಎರಗುವ ಲೂಪಸ್ ಇಲ್ಲ. ಕರುಳಿನ ಉರಿಯೂತದ ಕಾಯಿಲೆಗಳಾದ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇಲ್ಲ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ಕಿಡ್ನಿ ರೋಗಿಯ ಕಾಯಿಲೆಯೂ ಇಲ್ಲ.

ಟೈಪ್ 1 ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಯಾಕೆಂದರೆ ಜನ ಅತಿ ಹೆಚ್ಚು ತಪ್ಪು ತಿಳಿದಿರುವ ಕಾಯಿಲೆ ಇದೇ ಇರಬೇಕು. ನಮ್ಮಲ್ಲಿ ‘ಶುಗರ್’ ಅಂದರೆ ಐವತ್ತು ದಾಟಿದವರಿಗೆ ಬರುವುದು, ಸಿಹಿ ಜಾಸ್ತಿ ತಿಂದವರಿಗೆ ಬರುವುದು ಎಂಬ ನಂಬಿಕೆ. ಟೈಪ್ 1 ಬರುವುದಕ್ಕೂ ಸಿಹಿಗೂ ಸಂಬಂಧವೇ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ತಪ್ಪಿ ತನ್ನದೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಂದುಹಾಕುತ್ತದೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಕ್ಕಳಲ್ಲಿ, ಹದಿಹರೆಯದವರಲ್ಲಿ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಬದುಕುವುದಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆ ಅಂದರೆ ಸಾವೇ.

ಈಗ ಒಂದು ಪರೀಕ್ಷಾ ಕೊಠಡಿ ನೆನೆಸಿಕೊಳ್ಳಿ. ಮೂರು ಗಂಟೆಯ ಪೇಪರು. ಹುಡುಗಿ ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದಾಳೆ, ಟೆನ್ಷನ್‌ಗೆ ಇಡ್ಲಿ ಅರ್ಧಕ್ಕೇ ಬಿಟ್ಟು ಬಂದಿದ್ದಾಳೆ. ಒಂದೂವರೆ ಗಂಟೆ ಆಗುವಾಗ ಕೈ ಸಣ್ಣಗೆ ನಡುಗುತ್ತದೆ. ಫ್ಯಾನಿನ ಕೆಳಗೇ ಕೂತಿದ್ದರೂ ಕುತ್ತಿಗೆ ಬೆವರುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತಾಳೆ, ತಲೆಗೆ ಹೋಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಹೀಗಾಗುತ್ತದೆ. ಮದ್ದು ಬಹಳ ಸುಲಭ: ಮೂರು ಚಮಚ ಗ್ಲೂಕೋಸು, ಕಾಲು ಗಂಟೆ ವಿಶ್ರಾಂತಿ. ಆದರೆ ಗ್ಲೂಕೋಸ್ ಡಬ್ಬಿ ಬಾಗಿಲ ಹೊರಗಿನ ಬ್ಯಾಗಿನಲ್ಲಿದೆ. ಎದ್ದು ಕೇಳಿದರೆ ಕೊಠಡಿಯ ಮೇಲ್ವಿಚಾರಕರಿಗೆ ಕಾಣುವುದು ಪರೀಕ್ಷೆಗೆ ಹೆದರಿ ನಡುಗುವ ಹುಡುಗಿ. ಕೇಳದೆ ಕೂತರೆ ಇನ್ನೂ ಇಳಿಯುತ್ತದೆ, ಪ್ರಜ್ಞೆ ತಪ್ಪಲೂಬಹುದು.

ಸಿಬಿಎಸ್‌ಇ 2017ರಲ್ಲೇ ಇದಕ್ಕೆ ದಾರಿ ಮಾಡಿತು. ಬೋರ್ಡ್ ಪರೀಕ್ಷೆಗೆ ಇಂಥ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದು ಎಂದಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ತರಗತಿಯಲ್ಲೂ ಪರೀಕ್ಷೆಯಲ್ಲೂ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿನ್ನಲು ಬಿಡಬೇಕು ಎಂದು ಹೇಳಿತು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಕಾಯಿಲೆಗೆ ಇದೊಂದು ಹಕ್ಕು ಆಗುವುದಿಲ್ಲ, ಆಯಾ ಬೋರ್ಡಿನ, ಆಯಾ ಶಾಲೆಯ ಮನಸ್ಸಿನ ಮೇಲೆ ನಿಲ್ಲುತ್ತದೆ. ಎರಡು ಬಿಸ್ಕತ್ತಿಗಾಗಿ ಪ್ರತಿ ಸಲ ಹೊಸದಾಗಿ ಒಬ್ಬರನ್ನು ಒಪ್ಪಿಸಬೇಕು.

ಅನುಮಾನ ಪಡುವವರ ವಾದ

ಅನುಮಾನ ಪಡುವವರೆಲ್ಲ ಕಲ್ಲುಮನಸ್ಸಿನವರು ಎಂದುಕೊಳ್ಳುವುದು ತಪ್ಪು. ಅವರ ಮಾತಿನಲ್ಲೂ ಹುರುಳಿದೆ.

ನಕಲಿ ಸರ್ಟಿಫಿಕೇಟ್ ಎಂಬುದು ನಿಜವಾದ ಸಮಸ್ಯೆ. ಮೋಸದಿಂದ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2016ರ ಕಾನೂನಿನ 91ನೇ ಕಲಂ ಹೇಳುವುದೇ ಆ ಭಯಕ್ಕೆ. ಕಣ್ಣಿಗೆ ಕಾಣದ ತೊಂದರೆ ಇದೆ ಎಂದು ಸುಳ್ಳು ಹೇಳುವುದು, ಇಲ್ಲದ ಕುರುಡು ನಟಿಸುವುದಕ್ಕಿಂತ ಸುಲಭ ಎಂಬುದೂ ನಿಜ.

ಇನ್ನೊಂದು ಆತಂಕ ಅಂಗವಿಕಲರ ನಡುವಿನಿಂದಲೇ ಬರುತ್ತದೆ. ಶೇ 4 ಎಂಬುದು ಮೊದಲೇ ಸಣ್ಣ ರೊಟ್ಟಿ. ಪೂರ್ತಿ ಕಣ್ಣು ಕಾಣದವರು, ಗಾಲಿಕುರ್ಚಿಯಲ್ಲಿ ಓಡಾಡುವವರು ಹೋರಾಡಿ ಪಡೆದದ್ದು. ಅದಕ್ಕೆ ಇನ್ನೂ ಹತ್ತು ಕಾಯಿಲೆ ಸೇರಿಸಿದರೆ, ತೊಂದರೆ ಕಡಿಮೆ ಇರುವವರೇ ರೊಟ್ಟಿ ಎತ್ತಿಕೊಂಡು ಹೋಗುವುದಿಲ್ಲವೇ? ಈ ಭಯವನ್ನು ಸುಮ್ನೆ ತಳ್ಳಿಹಾಕೋಕೆ ಆಗುವುದಿಲ್ಲ. ಕೆಲಸದ ಕೋಟಾ ವಿಸ್ತರಿಸುವುದೇ ಆದರೆ ಒಟ್ಟು ಪಾಲನ್ನೂ ಹೆಚ್ಚಿಸಬೇಕು, ಇರುವವರ ತಟ್ಟೆಯಿಂದ ಕಿತ್ತು ಕೊಡಬಾರದು.

ಸುರಕ್ಷತೆಯ ಮಾತೂ ಇದೆ. ವಿಮಾನ ಹಾರಿಸುವವರು, ಆಪರೇಷನ್ ಮಾಡುವವರು ಹೇಗಿರಬೇಕು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಆ ಕೆಲಸಕ್ಕೆ ಏನು ಬೇಕು ಎಂದು ನೋಡುವುದರಲ್ಲಿದೆ, ಎಲ್ಲ ಕೆಲಸಕ್ಕೂ ಒಂದೇ ಸಂಖ್ಯೆ ಅಂಟಿಸುವುದರಲ್ಲಿ ಅಲ್ಲ.

ಈ ಮೂರೂ ವಾದಗಳು ಗಟ್ಟಿಯಾಗಿ ನಿಲ್ಲುವುದು ಎಲ್ಲಿ? ಸೀಟು, ಕೆಲಸದಂಥ ಎಣಿಸಿಟ್ಟ ಸೌಲಭ್ಯಗಳ ವಿಷಯದಲ್ಲಿ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ತಪ್ಪುತ್ತದೆ, ಆದ್ದರಿಂದ ಗೆರೆ ಬೇಕು, ಪರೀಕ್ಷೆ ಬೇಕು. ಆದರೆ ಪರೀಕ್ಷಾ ಕೊಠಡಿಯಲ್ಲಿ ಎರಡು ಬಿಸ್ಕತ್ತು, ಕೌಂಟರಿನ ಹಿಂದೆ ಒಂದು ಕುರ್ಚಿ, ಕೊಲೈಟಿಸ್ ಇರುವ ನೌಕರನಿಗೆ ಟಾಯ್ಲೆಟ್ಟಿನ ಹತ್ತಿರದ ಮೇಜು, ಡಯಾಲಿಸಿಸ್ ದಿನ ಮಧ್ಯಾಹ್ನದ ಮೇಲೆ ಮನೆಯಿಂದ ಕೆಲಸ? ಇವನ್ನು ಕೊಟ್ಟರೆ ಯಾರ ಪಾಲೂ ಕಡಿಮೆ ಆಗುವುದಿಲ್ಲ. ಇಲ್ಲೂ ಅದೇ ಶೇ 40ರ ಗೆರೆ ಹಿಡಿದುಕೊಂಡು ಕೂತರೆ ಮೋಸ ತಡೆದ ಹಾಗೆ ಆಗುವುದಿಲ್ಲ, ನೋವು ಹೆಚ್ಚಿಸಿದ ಹಾಗೆ ಆಗುತ್ತದೆ.

ಕೋರ್ಟು ಹೇಳುತ್ತಿರುವುದು ಇದನ್ನೇ

ಸುಪ್ರೀಂ ಕೋರ್ಟಿನ ಸಾಲು ಸಾಲು ತೀರ್ಪುಗಳನ್ನು ಹೀಗೆ ಓದಿದರೆ ಗೊಂದಲ ಕರಗುತ್ತದೆ.

2021ರ ಫೆಬ್ರುವರಿಯ ಪ್ರಕರಣ ನೋಡಿ. ನಾಗರಿಕ ಸೇವಾ ಪರೀಕ್ಷೆ ಬರೆಯುವ ಅಭ್ಯರ್ಥಿಯೊಬ್ಬರಿಗೆ ಬರೆಯುವಾಗ ಕೈ ಸೆಳೆತ ಬರುವ ಕಾಯಿಲೆ. ಬರೆದುಕೊಡುವ ಸಹಾಯಕ ಬೇಕು ಎಂದರು. ಶೇ 40 ಇಲ್ಲ, ಆಗುವುದಿಲ್ಲ ಎಂಬ ಉತ್ತರ ಬಂತು. ಶೇ 40 ಎಂಬುದು ಮೀಸಲಾತಿಯಂಥ ವಿಶೇಷ ಸೌಲಭ್ಯಗಳಿಗೆ ಇಟ್ಟ ಗೆರೆ, ಅಗತ್ಯ ಅನುಕೂಲ ಪಡೆಯುವ ಹಕ್ಕು ಅಂಗವೈಕಲ್ಯ ಇರುವ ಎಲ್ಲರಿಗೂ ಇದೆ ಎಂದಿತು ಕೋರ್ಟು. ಅದರ ಮೇಲೆ 2022ರಲ್ಲಿ ಕೇಂದ್ರ ಸರ್ಕಾರ ಶೇ 40ಕ್ಕಿಂತ ಕಡಿಮೆ ಇರುವವರಿಗೂ ಸಹಾಯಕರನ್ನು ಕೊಡುವ ಮಾರ್ಗಸೂಚಿ ತಂದಿತು. 2025ರ ಫೆಬ್ರುವರಿಯ ತೀರ್ಪು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ.

2024ರ ಅಕ್ಟೋಬರ್‌ನ ಪ್ರಕರಣಗಳಲ್ಲಿ ಒಂದು ಇನ್ನೂ ವಿಚಿತ್ರ. ಎಂಬಿಬಿಎಸ್ ಸೇರಬೇಕು ಎಂದಿದ್ದ ವಿದ್ಯಾರ್ಥಿಗೆ ಮಾತಿನ ತೊಂದರೆ, ಅಳತೆ ಶೇ 40ಕ್ಕಿಂತ ಸ್ವಲ್ಪ ಹೆಚ್ಚು. ಕೋಟಾ ಬೇಕಾದರೆ ಶೇ 40 ಇರಬೇಕು. ಆದರೆ ಅವನ ಬಗೆಯ ತೊಂದರೆಗೆ ಶೇ 40 ಮುಟ್ಟಿದರೆ ಕೋರ್ಸಿಗೇ ಅರ್ಹನಲ್ಲ ಎಂದಿತ್ತು ನಿಯಮ. ಅತ್ತ ದರಿ, ಇತ್ತ ಪುಲಿ. ಸಂಖ್ಯೆ ನೋಡಿ ತಳ್ಳಬೇಡಿ, ಇವನು ಈ ಓದು ಓದಬಲ್ಲನೇ ಎಂದು ನೋಡಿ ಎಂದು ಕೋರ್ಟು ಹೇಳಿತು. ಅದೇ ತಿಂಗಳ ಇನ್ನೊಂದು ಪ್ರಕರಣದಲ್ಲಿ ಸ್ನಾಯುಗಳು ಸೊರಗುತ್ತಾ ಹೋಗುವ ಮಸ್ಕ್ಯುಲರ್ ಡಿಸ್ಟ್ರೋಫಿ ಇದ್ದ, ಶೇ 88ರ ಅಳತೆ ಬಂದಿದ್ದ ವಿದ್ಯಾರ್ಥಿಗೂ ದಾರಿ ತೆರೆಯಿತು.

ಅಂದರೆ ಕೋರ್ಟು ಗೆರೆಯನ್ನು ಅಳಿಸಿಲ್ಲ. ಗೆರೆ ಎಲ್ಲಿಗೆ ಸೇರಿದ್ದೋ ಅಲ್ಲೇ ಇಟ್ಟಿದೆ.

ಮರೆಮಾಚುವಿಕೆ ಎಂಬ ಇನ್ನೊಂದು ಕಾಯಿಲೆ

ಕಾನೂನು ಒಂದು ಭಾಗ. ದಿನ ಬೆಳಗಾದರೆ ಎದುರಾಗುವುದು ಜನ.

ಕಾಯಿಲೆ ಬಂದ ಮೊದಲ ತಿಂಗಳು ಎಲ್ಲರೂ ಹಣ್ಣು ಹಿಡಿದುಕೊಂಡು ಬರುತ್ತಾರೆ. ನಮ್ಮಲ್ಲಿ ಕಾಯಿಲೆಗೆ ಒಂದು ಕತೆ ಇದೆ: ಬರುತ್ತದೆ, ಆಸ್ಪತ್ರೆ ಸೇರುತ್ತೀರಿ, ಗುಣವಾಗುತ್ತೀರಿ. ಎರಡನೇ ವರ್ಷವೂ ಗುಣವಾಗದಿದ್ದರೆ ಕೇಳುವವರಿಗೆ ಬೇಸರ ಶುರುವಾಗುತ್ತದೆ. ‘ಇನ್ನೂ ಹುಷಾರಾಗಿಲ್ವಾ?’ ಎಂಬುದು ‘ಯಾವಾಗ ನೋಡಿದರೂ ಇದೇ ಗೋಳು’ ಆಗುತ್ತದೆ. ಆಮೇಲೆ ಸಲಹೆಗಳು: ಹಾಗಲಕಾಯಿ ರಸ, ವಾಕಿಂಗು, ಹರಕೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ‘ನೀನು ಸರಿಯಾಗಿ ಪ್ರಯತ್ನ ಮಾಡಿಲ್ಲ’ ಎಂಬ ಆರೋಪ ಅದರೊಳಗೆ ಸೇರಿಕೊಂಡಿರುತ್ತದೆ. ಟೈಪ್ 1 ಇರುವ ಮಗುವಿಗೆ ಯಾರದೋ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು ಬರುತ್ತದೆ.

ನಂಬಿಕೆ ಸಿಗದ ಕಡೆ ಜನ ಮುಚ್ಚಿಡುತ್ತಾರೆ. ಮದುವೆಯ ಮಾತುಕತೆಯಲ್ಲಿ ಹೇಳುವುದಿಲ್ಲ. ಬಾತ್‌ರೂಮಿನ ಚಿಲಕ ಹಾಕಿಕೊಂಡು ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾರೆ. ಇಂಟರ್ವ್ಯೂನಲ್ಲಿ ‘ಆರೋಗ್ಯ ಹೇಗಿದೆ’ ಎಂದರೆ ನಗುತ್ತಾರೆ. ಮುಚ್ಚಿಟ್ಟ ಮೇಲೆ ಏನಾಗುತ್ತದೆ? ಔಷಧಿಯ ಹೊತ್ತು ತಪ್ಪುತ್ತದೆ, ಕಾಯಿಲೆ ಜೋರಾಗುತ್ತದೆ. ಒಂದು ದಿನ ಕುಸಿದು ಬೀಳುತ್ತಾರೆ. ಆಗ ‘ಮೊದಲೇ ಯಾಕೆ ಹೇಳಲಿಲ್ಲ, ಮೋಸ ಮಾಡಿದಿರಿ’ ಎಂಬ ಮಾತು. ಅನುಮಾನ ಮುಚ್ಚುಮರೆ ಹುಟ್ಟಿಸಿತು, ಮುಚ್ಚುಮರೆಯೇ ಅನುಮಾನಕ್ಕೆ ಸಾಕ್ಷಿಯಾಯಿತು.

ಈ ಭಯವನ್ನು ಕಾನೂನೇ ಎಷ್ಟೋ ಕಾಲ ಪೋಷಿಸಿತ್ತು. ಹಿಂದೂ ವಿವಾಹ ಕಾನೂನಿನಲ್ಲಿ ಮೂರ್ಛೆರೋಗ ಇರುವವರ ಮದುವೆಗಿದ್ದ ಅಡ್ಡಿಯನ್ನು ತೆಗೆದದ್ದು 1999ರಲ್ಲಿ. ಕುಷ್ಠರೋಗ ವಿಚ್ಛೇದನಕ್ಕೆ ಕಾರಣ ಎಂಬುದನ್ನು ತೆಗೆದದ್ದು 2019ರಲ್ಲಿ. ಕಾನೂನು ಬದಲಾಗಿ ಇಷ್ಟು ವರ್ಷವಾದರೂ ಮೂರ್ಛೆರೋಗದ ಮಾತ್ರೆಯನ್ನು ಬೇರೆ ಡಬ್ಬಿಯಲ್ಲಿ ಬಚ್ಚಿಡುವ ಸೊಸೆಯಂದಿರು ಇದ್ದಾರೆ.

ಒಳ್ಳೆಯ ಉದ್ದೇಶದ ಕೆಲಸಕ್ಕೂ ಈ ಕಣ್ಣು ಅಡ್ಡ ಬರುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ರೊಳಗೆ ನಿರ್ಮೂಲನೆ, ಇದು ಗುರಿ. ಪರೀಕ್ಷೆಯಾದವರಿಗೆ ಕಾರ್ಡು ಕೊಡುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ (ಕಾಯಿಲೆಯ ಜೀನಿನ ಒಂದು ಪ್ರತಿ ಹೊತ್ತವರಾಗಿದ್ದರೆ) ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಬರುವ ಸಾಧ್ಯತೆ, ಆದ್ದರಿಂದ ಮದುವೆಗೆ ಮುಂಚೆ ತಿಳಿದಿರಲಿ ಎಂಬುದು ಆಶಯ. ವಾಹಕ ಅಂದರೆ ರೋಗಿ ಅಲ್ಲ, ಸಾಮಾನ್ಯವಾಗಿ ಆರೋಗ್ಯವಾಗೇ ಇರುತ್ತಾರೆ. ಆದರೆ ಊರಿನ ಕಣ್ಣಿಗೆ ಕಾರ್ಡು ಹಿಡಿದವಳು ಕಾಯಿಲೆಯವಳು. ತಿಳಿಸಿ ಹೇಳುವ ಕೆಲಸ ಹಿಂದೆ ಬಿದ್ದು ಕಾರ್ಡು ಮಾತ್ರ ಮುಂದೆ ಹೋದರೆ, ಪರೀಕ್ಷೆಗೆ ಬರುವುದನ್ನೇ ಹುಡುಗಿಯರು ಬಿಡುತ್ತಾರೆ.

ಮುಂದೆ ಏನಾಗಬಹುದು

ಹತ್ತಿರದಲ್ಲಿ ಕಾಣುವ ಪರಿಣಾಮ ಬಿಗಿ ತಪಾಸಣೆ. 2024ರ ವಿವಾದದ ನಂತರ ಕೆಲವು ರಾಜ್ಯಗಳು ನೌಕರರ ಸರ್ಟಿಫಿಕೇಟುಗಳನ್ನು ಮತ್ತೆ ಪರಿಶೀಲಿಸಲು ಹೊರಟವು. ಕಾಲಿಲ್ಲದವರು ಮರುಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಾರೆ. ಸೋಲುವ ಅಪಾಯ ಇರುವುದು ಆ ದಿನ ಅದೃಷ್ಟವಶಾತ್ ಚೆನ್ನಾಗಿದ್ದವರಿಗೆ. ಬಿಗಿ ಮಾಡುವುದಾದರೆ ಒಂದು ದಿನದ ಪರೀಕ್ಷೆಯ ಜೊತೆಗೆ ಹಲವು ತಿಂಗಳ ಚಿಕಿತ್ಸೆಯ ದಾಖಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಮೋಸಗಾರರನ್ನೂ ಚೆನ್ನಾಗಿ ಹಿಡಿಯುತ್ತದೆ. ಒಂದು ಬೆಳಿಗ್ಗೆ ನಟಿಸಬಹುದು, ಎರಡು ವರ್ಷದ ರಕ್ತಪರೀಕ್ಷೆಯ ವರದಿಗಳನ್ನು ನಟಿಸೋದು ಕಷ್ಟ.

ಕೆಲಸದ ಜಾಗದಲ್ಲಿ ಬದಲಾವಣೆ ನಿಧಾನ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗೂ ಇಲ್ಲ. ಈಗಿನ ಹುದ್ದೆ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ 2016ರ ಕಾನೂನಿನ 20ನೇ ಕಲಂ. ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿ ಬರೆದಿಡಬೇಕು. ಬರೆದಿಟ್ಟ ಕಾಗದ ಮ್ಯಾನೇಜರಿನ ಮೇಜಿನವರೆಗೆ ಬಂದಿದೆಯೇ ಎಂಬುದೇ ಪ್ರಶ್ನೆ.

ಕರ್ನಾಟಕದಲ್ಲಿ ನಡೆಯುತ್ತಿರುವ ಒಂದು ಪ್ರಯೋಗವನ್ನು ಇಲ್ಲಿ ನೋಡಬೇಕು. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಮುಟ್ಟು ಕಾಯಿಲೆ ಅಲ್ಲ, ನಿಜ. ಆದರೆ ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರುವವರಿಗೆ ಅದು ಪ್ರತಿ ತಿಂಗಳ ನರಕ. ಈ ಆದೇಶದಲ್ಲಿ ಗಮನಿಸಬೇಕಾದದ್ದು ರಜೆಗಿಂತ ಹೆಚ್ಚಾಗಿ ಒಂದು ಸಣ್ಣ ಅಂಶ: ವೈದ್ಯರ ಸರ್ಟಿಫಿಕೇಟ್ ಬೇಕಿಲ್ಲ. ಕಾಣದ ನೋವನ್ನು ಸಾಕ್ಷಿ ಕೇಳದೆ ನಂಬುವ ಸರ್ಕಾರಿ ಆದೇಶ ಅಪರೂಪ. ದುರುಪಯೋಗ ಆಗುತ್ತದೆ, ಹೆಣ್ಣುಮಕ್ಕಳನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಮಾತುಗಳೂ ಬಂದವು, ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದೂ ಆಯಿತು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಾಣದ ತೊಂದರೆ ಇರುವವರು ಸೂರ್ಯಕಾಂತಿ ಹೂವಿನ ಚಿತ್ರವಿರುವ ಕೊರಳಪಟ್ಟಿ ಹಾಕಿಕೊಳ್ಳಬಹುದು. ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ 2016ರಲ್ಲಿ ಶುರುವಾದ ಪದ್ಧತಿ ಇದು. ಪಟ್ಟಿ ಕಂಡ ಸಿಬ್ಬಂದಿ ಕಾಯಿಲೆ ಏನು ಎಂದು ಕೇಳುವುದಿಲ್ಲ, ಸ್ವಲ್ಪ ಹೆಚ್ಚು ಸಮಯ ಕೊಡುತ್ತಾರೆ. ಒಳ್ಳೆಯದೇ. ಆದರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಅಂಥ ಪಟ್ಟಿ ಹಾಕಿಕೊಂಡರೆ ‘ಇದೇನು ಹೊಸ ಫ್ಯಾಷನ್ನು’ ಎನ್ನುತ್ತಾರೆ. ಮೇಲಾಗಿ ಕಾಯಿಲೆಯನ್ನು ಕೊರಳಿಗೆ ಕಟ್ಟಿಕೊಂಡು ತಿರುಗುವುದು ಎಲ್ಲರಿಗೂ ಇಷ್ಟವಾಗಬೇಕಿಲ್ಲ, ಅಲ್ವಾ?

ಇದಕ್ಕಿಂತ ಸರಳ ದಾರಿ ನಮ್ಮ ಪಕ್ಕದಲ್ಲೇ ಇದೆ. ಅಂಗಡಿಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಲೇಬೇಕು ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಯಾರಿಗೆ ಕೀಲುವಾತ, ಯಾರಿಗೆ ಲೂಪಸ್, ಯಾರು ಸುಮ್ಮನೆ ಸುಸ್ತಾಗಿದ್ದಾರೆ ಎಂದು ಆ ಕಾನೂನು ವಿಚಾರಿಸುವುದಿಲ್ಲ. ಸೀರೆ ಅಂಗಡಿಯ ಕೌಂಟರಿನ ಹಿಂದೆ ಒಂದು ಸ್ಟೂಲು ಇರುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಾಲು ನೋಯುವವರು ಹತ್ತು ನಿಮಿಷ ಅದರ ಮೇಲೆ ಕೂರುತ್ತಾರೆ.